ಹದಿನಾರನೆಯ ಸೋಮವಾರ

ಶಂಕ್ರೆಪ್ಪ ಮಾಸ್ತರರು ಪಾರ್ಲೆಯಿಂದ ಲೋಕಲ್ ಹಿಡಿದು, ದಾದರಿನಲ್ಲಿ ಬದಲಿಸಿ, ಮಾಟುಂಗದ ಕನ್ನಡ ಸಂಘಕ್ಕೆ ಬಂದಾಗ ಸಂಜೆ ಐದಾಗಿತ್ತು. ಹೋಟೆಲಿನ ಹುಡುಗರಿಗೆ ಅವರು ಇಂಗ್ಲಿಷ್ ಹೇಳಿಕೊಡುತ್ತಿದ್ದುದು ಮಂಗಳವಾರ. ಈ ಮಂಗಳವಾರಕ್ಕೆ ಹೋಟೆಲಿಗೆ ದೊಡ್ಡ ಊಟದ ಆರ್ಡರು ಬಂದುದರಿಂದ ಈ ಸಲ ಸೋಮವಾರಕ್ಕೇ ಆಗಿತ್ತು. ಬೆಳಗಿನಿಂದ ಅವರ ಹೊಟ್ಟೆಯಲ್ಲಿ ನೀರಲ್ಲದೆ ಏನೂ ಇರಲಿಲ್ಲ.

ಆ ವರ್ಷ, ಸಾವಿರದ ಒಂಬೈನೂರ ಐವತ್ತನಾಲ್ಕರ ಶ್ರಾವಣದಲ್ಲಿ, ಅವರ ಹೆಂಡತಿ ನಾಗವ್ವ ಗಂಡನ ಕೆಮ್ಮು ನಿಲ್ಲಲೆಂದು ಶಿವನಿಗೆ ಹದಿನಾರು ಸೋಮವಾರ ಉಪವಾಸವಿದ್ದು ಪೂಜಿಸುವ ಹರಕೆ ಹೊತ್ತಿದ್ದಳು. ಹನ್ನೊಂದು ಮುಗಿದವು. ಕೆಮ್ಮು ನಿಂತಿತು. ಎರಡೇ ದಿನದ ಜ್ವರದಲ್ಲಿ ನಾಗವ್ವ ಹೋದಳು. "ಉಳಿದ ಐದು ನಾ ಹಿಡಿತೀನಿ" ಎಂದು ಮಾಸ್ತರರು ಅವಳ ಕೈಹಿಡಿದು ಮಾತು ಕೊಟ್ಟಿದ್ದರು. ಇಂದು ಕೊನೆಯದು. ಬೆಳಿಗ್ಗೆ ಗೋಧಿ ಹಿಟ್ಟಿಗೆ ಬೆಲ್ಲ ತುಪ್ಪ ಹಾಕಿ, ಅವಳು ಮಾಡುತ್ತಿದ್ದಂತೆಯೇ ಮೂರು ಪಾಲು ಮಾಡಿಟ್ಟು ಬಂದಿದ್ದರು: ದೇವರಿಗೊಂದು, ನೆರೆಯವರಿಗೊಂದು, ಪೂಜೆಯಾದ ಮೇಲೆ ತಮಗೊಂದು. ನಾಳೆಯಿಂದ ಅವಳ ಕೆಲಸವೆಂದು ತಮ್ಮ ಕೈಗೆ ಏನೂ ಉಳಿಯುವುದಿಲ್ಲವಲ್ಲ ಎಂದು ಆಗ ಅನ್ನಿಸಿತ್ತು.

ಹುಡುಗರೆಲ್ಲ ಕೂತ ಮೇಲೆ ಹಲಗೆಯ ಮೇಲೆ 'ಕೀಪ್' ಎಂದು ಬರೆದರು. "ಅಂಗಡಿ ನಡಸಿದ್ರೂ ಕೀಪ್, ಆಕಳಾ ಸಾಕಿದ್ರೂ ಕೀಪ್, ಮಾತ ಉಳಿಸ್ಕೊಂಡ್ರೂ ಕೀಪ್, ವ್ರತ ಹಿಡದ್ರೂ ಕೀಪ್."

"ಅಂದ್ರೆ ನಮ್ಮ ಹೋಟ್ಲಿನ ಅಂಗಾರನ ಹಾಗೆ ಮಾಷ್ಟ್ರೆ," ಎಂದ ಹುಡುಗರಲ್ಲೊಬ್ಬನಾದ ಮೋನಪ್ಪ. "ಕೆಲಸ ನೂರು, ಕರೆಯುವುದು ಇವನೊಬ್ಬನನ್ನೇ."

ಎಲ್ಲರೂ ನಕ್ಕರು. ಅಂಗಾರ ಪ್ರತಿ ಕ್ಲಾಸಿಗೆ ತರುವಂತೆ ಎಣ್ಣೆಯಲ್ಲಿ ಕರಿದ ಬೇಳೆಯ ಅಂಬಡೆಯ ತಟ್ಟೆ ತಂದು ಮಾಸ್ತರರ ಮಗ್ಗುಲಲ್ಲಿಟ್ಟ.

"ಇನ್ನೊಂದು ಅರ್ಥ ಐತಿ. ಒಂದು ವಸ್ತು ಕೈಬಿಟ್ಟು ಹೋಗದಂಗ ಇಟ್ಕೊಳ್ಳೂದು..." ಎನ್ನುತ್ತಲೇ ಅವರ ಕೈ ರೂಢಿಯಂತೆ ತಟ್ಟೆಗೆ ಹೋಯಿತು. ಅರ್ಧ ಅಂಬಡೆ ನುಂಗಿದ ಮೇಲೆ ನೆನಪಾಯಿತು. ಮಾಸ್ತರರು ಉಳಿದರ್ಧವನ್ನು ತಟ್ಟೆಗೆ ಹಾಕಿ ಕುರ್ಚಿಯ ಮೇಲೆ ಕೂತರು.

"ಇವತ್ತ ಹದಿನಾರನೇದಿತ್ತು. ನಮ್ಮಾಕಿದು."

ನಾಗವ್ವನ ಹರಕೆಯ ಸುದ್ದಿ ಹುಡುಗರಿಗೆ ಮೊದಲೇ ಗೊತ್ತಿತ್ತು. ಅಂಗಾರನ ಮುಖ ಬಾಡಿತು. "ತಪ್ಪು ನನ್ನದು ಮಾಷ್ಟ್ರೆ. ಇವತ್ತು ಸೋಮವಾರ ಅಂತ ನೆನಪೇ ಆಗಲಿಲ್ಲ."

"ನನಗ ಆಗಲಿಲ್ಲ, ನಿನಗೆಲ್ಲಿ ಆಗಬೇಕು?"

ಮೋನಪ್ಪ ಮೆಲ್ಲಗೆ ಹೇಳಿದ: "ನಮ್ಮ ಚಾಳಿನ ಗಂಗುಬಾಯಿಯದ್ದೂ ಹೀಗೇ ತಪ್ಪಿತ್ತು. ಮತ್ತೆ ಒಂದರಿಂದ ಹಿಡಿದ್ರು. ಹಾಗೆಯೇ ಮಾಡ್ಬೇಕಂತೆ."

"ಹದಿನಾರೂ?"

"ಹದಿನಾರೂ."

ಮಾಸ್ತರರು ಗೋಡೆಯ ಕ್ಯಾಲೆಂಡರಿನ ಬಳಿ ಹೋಗಿ ಬೆರಳಿಟ್ಟು ಎಣಿಸಿದರು. ಹಾಳೆಗಳು ಮುಗಿದವು. ಉಳಿದುದನ್ನು ಬೆರಳ ಗೆಣ್ಣಿನ ಮೇಲೆ ಎಣಿಸಿದರು. "ಶಿವರಾತ್ರಿ ದಾಟತೈತಿ," ಎಂದರು. ಐದು ವಾರಗಳಿಂದ ಆ ಮುಖದಲ್ಲಿ ಕಾಣದಿದ್ದ ನೆಮ್ಮದಿಯನ್ನು ಅಂಗಾರ ನೋಡಿದ.

ಅವರು ಹಿಂದಿರುಗಿ ಉಳಿದರ್ಧ ಅಂಬಡೆಯನ್ನು ಕೈಗೆತ್ತಿಕೊಂಡರು. "ಇವತ್ತಿನ ವ್ರತಾ ಅಂತೂ ಮುರೀತು. ಚಾ ತಾರಪ್ಪಾ. ಮನ್ಯಾಗ ಮೂರು ಪಾಲು ಮಾಡಿಟ್ಟೀನಿ, ಶಿವಗ ತೋರಿಸಿ ಎಲ್ಲಾ ನೆರೆಯವರಿಗೇ ಹಂಚ್ತೀನಿ. ಮುಂದಿನ ಸೋಮವಾರ ಮತ್ತ ಮಾಡಬೇಕಲ್ಲ."