ಒಂದಕ್ಷರವನ್ನೂ ಬಿಡಬಾರದು

ಅರ್ಧಂಬರ್ಧ ಮಾತಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಬಸ್ಸು ಹತ್ತುತ್ತಾರೆ, ಕಿವಿಗೆ ಏನನ್ನೋ ಸಿಕ್ಕಿಸಿಕೊಂಡಿರುತ್ತಾರೆ, ಕೈ ಚಾಚಿ ‘ಒಂದು’ ಅನ್ನುತ್ತಾರೆ. ಒಂದು ಏನು? ಎಲ್ಲಿಗೆ? ನಾನೇನು ಕಣಿ ಹೇಳುವವಳೇ? ‘ಬಾಯಿ ಬಿಟ್ಟು ಹೇಳ್ರೀ, ಮುತ್ತೇನೂ ಉದುರಲ್ಲ’ ಎಂದು ಗದರಿದರೆ ಮುಖ ಊದಿಸಿಕೊಳ್ಳುತ್ತಾರೆ. ಕಂಡಕ್ಟರ್ ಕೆಲಸಕ್ಕೆ ಸೇರಿದ ಮೇಲೆ ನನ್ನ ಗಂಟಲು ಹೀಗಾಯಿತೋ, ಗಂಟಲು ಹೀಗಿದ್ದದ್ದಕ್ಕೇ ಕೆಲಸ ಸಿಕ್ಕಿತೋ, ದೇವರಿಗೇ ಗೊತ್ತು. ನಮ್ಮಣ್ಣ ನನ್ನನ್ನು ಕರೆಯುವುದೇ ರೈಟಮ್ಮ ಎಂದು. ಎದುರಿನವರ ಮಾತು ಮುಗಿಯುವ ಮೊದಲೇ ರೈಟ್ ಹೇಳಿ ಬಸ್ಸು ಬಿಟ್ಟುಬಿಡುತ್ತೀಯ ಅನ್ನುವುದು ಅವನ ದೂರು.

ಅಣ್ಣ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವನು. ಬೋರ್ಡು, ಗೋಡೆ, ಶಟರು, ಲಾರಿಯ ಹಣೆ, ಏನು ಕೊಟ್ಟರೂ ಬರೆಯುತ್ತಿದ್ದ. ಅವನದೊಂದು ವಿಚಿತ್ರ ಪದ್ಧತಿ. ಮೊದಲು ಸಾಲಿನ ಎಲ್ಲ ಅಕ್ಷರಗಳ ಮೈಯನ್ನಷ್ಟೇ ಬರೆದು ಮುಗಿಸುತ್ತಿದ್ದ, ತಲೆಕಟ್ಟು ಇಲ್ಲದೆ. ಅಂಗಡಿಯವರು ಕೆಳಗೆ ನಿಂತು ಬೋಳು ಬೋಳಾಗಿ ಕಾಣುವ ಸಾಲನ್ನು ನೋಡಿ ಗಾಬರಿಯಾಗುತ್ತಿದ್ದರು. ‘ಏನಪ್ಪಾ ಇದು, ಓದೋಕೇ ಬರಲ್ಲ?’ ಅಂದರೆ ಇವನು ಏಣಿಯ ಮೇಲಿಂದಲೇ, ‘ತಡೀರಿ ಸ್ವಾಮಿ, ಕೊನೇಲಿ ಎಲ್ರಿಗೂ ಒಟ್ಟಿಗೇ ಟೋಪಿ ಹಾಕ್ತೀನಿ’ ಅನ್ನುತ್ತಿದ್ದ. ಆಮೇಲೆ ಈ ತುದಿಯಿಂದ ಆ ತುದಿಗೆ ಒಂದೇ ಉಸಿರಿನಲ್ಲಿ ತಲೆಕಟ್ಟು ಎಳೆದುಕೊಂಡು ಹೋದನೆಂದರೆ ಇಡೀ ಸಾಲು ಎದ್ದು ನಿಂತು ಮಾತಾಡುತ್ತಿತ್ತು. ಬೀದಿಯವರು ಅವನಿಗೆ ತಲೆಕಟ್ಟು ಎಂದೇ ಹೆಸರಿಟ್ಟಿದ್ದರು.

ಆಮೇಲೆ ಫ್ಲೆಕ್ಸು ಬಂತು. ಅದರ ಬಗ್ಗೆ ನನ್ನ ಅಭಿಪ್ರಾಯ ಕೇಳಬೇಡಿ, ಹೇಳಿದರೆ ಬೈಗುಳವೇ ಬರುತ್ತದೆ. ಊರಿಗೆ ಊರೇ ಒಬ್ಬನೇ ಬರೆದ ಹಾಗೆ ಕಾಣುತ್ತದೆ ಈಗ, ಅದೂ ಅವಸರದಲ್ಲಿ. ಅಣ್ಣನ ಬೋರ್ಡುಗಳು ಒಂದೊಂದಾಗಿ ಗುಜರಿಗೆ ಹೋದವು. ಉಳಿದದ್ದು ಹಳೇ ಪೇಟೆಯ ಕನ್ನಡಕದ ಅಂಗಡಿಯ ಮೇಲಿನ ಗೋಡೆ ಒಂದೇ: ‘ಕನ್ನಡಕಗಳು. ದೂರವೂ ಸ್ಪಷ್ಟ, ಹತ್ತಿರವೂ ಸ್ಪಷ್ಟ.’ ಮಾತೂ ಅವನದೇ, ಅಕ್ಷರವೂ ಅವನದೇ.

ಹೋದ ವರ್ಷ ಅಣ್ಣನಿಗೆ ಲಕ್ವ ಹೊಡೆಯಿತು. ಅತ್ತಿಗೆ ತೀರಿಕೊಂಡಾಗಿನಿಂದ ಅವನು ನನ್ನ ಮನೆಯಲ್ಲೇ ಇದ್ದಾನೆ. ಮಾತು ಮರಳಿತು, ಬಲಗೈ ಮರಳಲಿಲ್ಲ. ವ್ಯಾಯಾಮ ಮಾಡಿಸಲು ಬರುವಾಕೆ ಎಡಗೈಯಲ್ಲಿ ಬರೆಯುವ ಅಭ್ಯಾಸ ಮಾಡಿ ಎಂದು ಮಕ್ಕಳ ಕಾಪಿ ಪುಸ್ತಕ ತಂದುಕೊಟ್ಟಳು. ಅವನು ಅದನ್ನು ಒಮ್ಮೆ ತೆರೆದು, ‘ಅಚ್ಚಿನ ಅಕ್ಷರ. ಇದನ್ನ ತಿದ್ದೋ ಬದ್ಲು ಸುಮ್ನಿರೋದೇ ವಾಸಿ’ ಎಂದು ಮಂಚದ ಕೆಳಗೆ ತಳ್ಳಿದ. ಗೋಗರೆದೆ, ರೇಗಿದೆ, ಊಟ ಬಿಡುತ್ತೇನೆಂದು ಹೆದರಿಸಿದೆ. ಜಪ್ಪಯ್ಯ ಅನ್ನಲಿಲ್ಲ. ದಿನವಿಡೀ ಕಿಟಕಿ ನೋಡುತ್ತ ಕೂರುತ್ತಿದ್ದ. ಬದುಕಿರುವ ಮನುಷ್ಯ ಹಾಗೆ ಕೂರುವುದನ್ನು ನೋಡಲಾಗುತ್ತಿರಲಿಲ್ಲ ನನಗೆ.

ಒಂದು ಸಂಜೆ ಕನ್ನಡಕದಂಗಡಿಯ ಯಜಮಾನರು ಫೋನು ಮಾಡಿದರು. ಅಣ್ಣನ ಆರೋಗ್ಯ ವಿಚಾರಿಸಿ, ‘ನಾಳೆಯಿಂದ ನಮ್ ಬಿಲ್ಡಿಂಗ್‌ಗೆ ಬಣ್ಣ ಹೊಡೀತಿದ್ದಾರಮ್ಮ. ನಿಮ್ಮಣ್ಣ ಬರ್ದಿದ್ದು ಇದೆಯಲ್ಲ, ಅದನ್ನ...’ ಅನ್ನುವಷ್ಟರಲ್ಲಿ ನಾನು, ‘ಗೊತ್ತಾಯ್ತು ಬಿಡಿ, ಎಲ್ರೂ ಮಾಡೋದು ಅದನ್ನೇ ಅಲ್ವಾ’ ಎಂದು ಫೋನು ಇಟ್ಟೆ. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು.

ಫೋನು ಸ್ಪೀಕರಿಗೆ ಹಾಕಿದ್ದರಿಂದ ಅಣ್ಣ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಎಷ್ಟೋ ತಿಂಗಳ ನಂತರ ತಾನಾಗಿ ಕರೆದ.

‘ರೈಟಮ್ಮ, ಬಾ ಇಲ್ಲಿ. ಬಣ್ಣ ಹೊಡೆಯೋಕ್ ಮುಂಚೆ ಆ ಗೋಡೆದೊಂದು ಫೋಟೋ ತೆಗ್ಸಿಕೊಡ್ತೀಯಾ?’

‘ಯಾಕೋ? ಕಟ್ಟು ಹಾಕಿಸಿ ಗೋಡೆಗೆ ಹಾಕ್ಕೊಳ್ಳೋಕಾ?’

‘ಅಲ್ಲ ಕಣೇ. ನನ್ನಕ್ಷರ ನಂಗೇ ಮರ್ತು ಹೋಗಿದೆ. ಕಣ್ಮುಚ್ಚಿದ್ರೆ ಅರ್ಧ ಬರುತ್ತೆ. ಳಕಾರದ ಹೊಟ್ಟೆ ಎಲ್ಲಿ ತಿರುಗಿಸ್ತಿದ್ದೆ ಅಂತ ಗೊತ್ತೇ ಆಗಲ್ಲ. ಎದುರಿಗಿಟ್ಕೊಂಡು ತಿದ್ತೀನಿ, ಎಡಗೈಯಲ್ಲಿ. ಬರುತ್ತೋ ಬಿಡುತ್ತೋ ನೋಡೋಣ.’

ಆ ಕಾಲದಲ್ಲಿ ಮದುವೆಯ ಫೋಟೋ ತೆಗೆಸುತ್ತಿದ್ದರೇ ಹೊರತು ಬೋರ್ಡಿನ ಫೋಟೋ ಯಾರು ತೆಗೆಸುತ್ತಿದ್ದರು? ಬೇರೆಲ್ಲೂ ಅವನ ಅಕ್ಷರ ಇರಲಿಲ್ಲ. ನನಗೆ ಕುಣಿಯುವಷ್ಟು ಸಂತೋಷವಾಯಿತು. ‘ತಂದೇ ತರ್ತೀನಿ’ ಅಂದೆ.

ಮರುದಿನ ನನ್ನ ಡ್ಯೂಟಿ ಊರಿನ ಇನ್ನೊಂದು ತುದಿಗೆ. ರಜೆ ಕೇಳಿದರೆ ಡಿಪೋದವರು ಕೊಡಲಿಲ್ಲ. ಬೆಳಿಗ್ಗೆ ಕಿಕ್ಕಿರಿದ ಬಸ್ಸಿನಲ್ಲಿ, ಒಂದು ಕೈಯಲ್ಲಿ ಟಿಕೆಟ್ ಮೆಷಿನ್ನು, ಭುಜ ಕಿವಿಗಳ ನಡುವೆ ಫೋನು ಸಿಕ್ಕಿಸಿಕೊಂಡು ಯಜಮಾನರಿಗೆ ಹೇಳಿದೆ:

‘ಯಜಮಾನ್ರೇ, ಬಣ್ಣ ಹೊಡೆಯೋಕ್ ಮುಂಚೆ ನಮ್ಮಣ್ಣ ಬರ್ದಿರೋದನ್ನ ತೆಗೀಬೇಕು. ಪೂರ್ತಿ ತೆಗೀರಿ. ಒಂದಕ್ಷರಾನೂ ಬಿಡ್ಬಾರ್ದು.’

‘ತೆಗೀಬೇಕಾ?’ ಅಂದರು ಅವರು. ‘ಯಾಕಮ್ಮ, ನಿಮ್ಮಣ್ಣನೇ ಹೇಳಿದ್ರಾ?’

‘ಹೂಂ ರೀ, ಅವನೇ ಕೇಳಿದ್ದು. ಮುಂದೆ ಹೋಗ್ರೀ, ಹಿಂದೆ ಖಾಲಿ ಇಲ್ಲ... ನಿಮಗಲ್ಲ, ಇಲ್ಲಿ. ನೀಟಾಗಿ ತೆಗೀರಿ, ಆಯ್ತಾ? ಆದ್ಮೇಲೆ ನನ್ ಫೋನ್‌ಗೆ ಕಳ್ಸಿ, ಅವನಿಗೆ ತೋರಿಸ್ಬೇಕು.’

‘ಅಲ್ಲಮ್ಮ, ನಾನೇನಂದ್ಕೊಂಡಿದ್ದೆ ಅಂದ್ರೆ...’

‘ನೀವೇನೂ ಅಂದ್ಕೋಬೇಡಿ, ಹೇಳಿದಷ್ಟು ಮಾಡಿ, ನಿಮಗೆ ಪುಣ್ಯ ಬರುತ್ತೆ. ರೈಟ್, ರೈಟ್!’

ಮಧ್ಯಾಹ್ನ ಬಸ್ಸು ನಿಂತಾಗ ಫೋನು ತೆಗೆದು ನೋಡಿದೆ. ಚಿತ್ರ ಬಂದಿತ್ತು. ಬರೀ ಗೋಡೆ. ಕೆರೆದು, ಉಜ್ಜಿ, ತೊಳೆದ ಗೋಡೆ. ಕೆಳಗೆ ಬರೆದಿದ್ದರು: ‘ನೀವು ಹೇಳಿದ ಹಾಗೇ ಒಂದಕ್ಷರಾನೂ ಬಿಟ್ಟಿಲ್ಲ.’

ಮುದುಕನಿಗೆ ಗೋಡೆ ಯಾವುದೆಂದೇ ತಿಳಿಯಲಿಲ್ಲವೇ ಎಂದು ಬೈಯಲಿಕ್ಕೇ ಫೋನು ಮಾಡಿದೆ. ಅವರ ದನಿ ಸಣ್ಣದಾಗಿತ್ತು. ‘ಬಣ್ಣದವರಿಗೆ ನಾನು ಆಗ್ಲೇ ಹೇಳಿದ್ದೆ ಕಣಮ್ಮ, ಅಕ್ಷರ ಮುಟ್ಬೇಡಿ, ಸುತ್ತ ಹೊಡೀರಿ ಅಂತ. ನಿನ್ನೆ ಅದನ್ನ ಹೇಳೋಕೇ ಫೋನ್ ಮಾಡಿದ್ದು, ನೀವು ಇಟ್ಬಿಟ್ರಿ. ಇವತ್ತು ನೋಡಿದ್ರೆ ತೆಗೀರಿ ಅಂದ್ರಿ. ಅಕ್ಷರ ಮಾಸಿದ್ದು ನಿಮ್ಮಣ್ಣನ ಮನಸ್ಸಿಗೆ ಬಂದಿಲ್ವೇನೋ ಅಂದ್ಕೊಂಡು, ಬಣ್ಣದವ್ರ ಕೈಗೇ ಬಿಡೋದು ಬೇಡ ಅಂತ ನಾನೇ ನಿಂತು ತೆಗ್ಸಿದೆ.’

ಫೋಟೋ ಎಂಬ ಒಂದು ಪದ ನನ್ನ ಬಾಯಿಂದ ಹೊರಗೆ ಬಂದಿರಲೇ ಇಲ್ಲ. ಅದು ನನ್ನ ತಲೆಯಲ್ಲೇ ಕೂತಿತ್ತು. ನಾನು ಬಾಯಿ ಮುಚ್ಚಿಕೊಂಡು ತೆಪ್ಪಗೆ ಇದ್ದಿದ್ದರೆ ಆ ಗೋಡೆ ಇನ್ನೂ ಹತ್ತು ವರ್ಷ ಇರುತ್ತಿತ್ತು. ಯಜಮಾನರಿಗೆ ‘ತಪ್ಪು ನಿಮ್ದಲ್ಲ’ ಅಂದೆ, ಅಷ್ಟೇ. ಅವತ್ತು ಮಧ್ಯಾಹ್ನದ ಮೇಲೆ ನಾನು ಯಾರನ್ನೂ ಗದರಲಿಲ್ಲ. ಡ್ರೈವರು ಎರಡು ಸಲ ತಿರುಗಿ ನೋಡಿದ.

ಮನೆಗೆ ಬಂದಾಗ ಅಣ್ಣ ಮೇಜಿನ ಮುಂದೆ ಕೂತಿದ್ದ. ಗಡ್ಡ ಕೆರೆದುಕೊಂಡಿದ್ದ, ಎಡಗೈಯಲ್ಲೇ, ಎರಡು ಕಡೆ ಗಾಯವಾಗಿತ್ತು. ಹಳೇ ಪೇಪರು ಹಾಸಿ, ತನ್ನ ಬಣ್ಣದ ಪೆಟ್ಟಿಗೆ ಎಳೆದುಕೊಂಡು, ಹೊಸದೊಂದು ಬ್ರಷ್ಷನ್ನು ಎಡಗೈ ಬೆರಳುಗಳಿಗೆ ಬಟ್ಟೆಯಿಂದ ಕಟ್ಟಿಕೊಂಡಿದ್ದ. ಹಲ್ಲಿನಲ್ಲಿ ಗಂಟು ಬಿಗಿದಿರಬೇಕು.

‘ಬಂತಾ?’ ಅಂದ.

ಸುಳ್ಳು ಹೇಳಬಹುದಿತ್ತು. ಹೊಳೆಯಲಿಲ್ಲ. ಫೋನು ಕೊಟ್ಟೆ. ಅವನು ಅದನ್ನು ಹತ್ತಿರ ಹಿಡಿದ, ದೂರ ಹಿಡಿದ.

‘ಇದ್ಯಾವ್ ಗೋಡೆನೇ?’

ನಡೆದದ್ದನ್ನೆಲ್ಲ ಹೇಳಿದೆ. ಅವನು ನನ್ನ ಮುಖವನ್ನೇ ನೋಡುತ್ತಿದ್ದ.

‘ತೆಗೀರಿ ಅಂದ್ಯಾ? ಪೂರ್ತಿ ತೆಗೀರಿ ಅಂದ್ಯಾ?’

‘ಹೂಂ.’

‘ಒಂದಕ್ಷರಾನೂ ಬಿಡ್ಬೇಡಿ ಅಂದ್ಯಾ?’

‘ಹೂಂ ಕಣೋ.’

‘ಅಯ್ಯೋ ನಿನ್ನ!’ ಎಂದು ನಗತೊಡಗಿದ. ಲಕ್ವ ಹೊಡೆದ ಮೇಲೆ ಅವನು ನಕ್ಕದ್ದು ಅದೇ ಮೊದಲು. ಮೇಜು ಅಲುಗುವಷ್ಟು ನಕ್ಕ. ಅವನನ್ನು ನೋಡಿ ನನಗೂ ನಗು ಬಂತು, ತಡೆಯಲಾಗಲಿಲ್ಲ, ನೆಲಕ್ಕೆ ಕೂತು ನಕ್ಕೆ. ಅವನು ನಿಲ್ಲಿಸಿದ್ದು ನನಗೆ ಗೊತ್ತೇ ಆಗಲಿಲ್ಲ. ತಲೆಯೆತ್ತಿದರೆ ಅವನು ಗಂಟನ್ನು ಹಲ್ಲಿನಲ್ಲಿ ಬಿಚ್ಚುತ್ತಿದ್ದ.

‘ಬೈಯೋ ಮಾರಾಯ, ಎರಡೇಟು ಹಾಕೋ. ಸುಮ್ನಿರ್ಬೇಡ’ ಅಂದೆ.

‘ಬೈದ್ರೆ ಗೋಡೆ ಮಾತಾಡುತ್ತಾ? ಹೋಗ್ಲಿ ಬಿಡು.’ ಬ್ರಷ್ಷನ್ನು ನನ್ನ ಕಡೆಗೆ ಚಾಚಿದ. ‘ಇದನ್ನ ತೊಳ್ದಿಡು.’

ಕೆಲಸ ಮುಗಿದ ದಿನ ಅವನು ಹೇಳುತ್ತಿದ್ದ ಮಾತು ಅದು. ಬ್ರಷ್ಷಿಗೆ ಬಣ್ಣವೇ ತಾಗಿರಲಿಲ್ಲ. ನಾನು ಅದನ್ನು ಬಚ್ಚಲಿಗೆ ಒಯ್ದು, ನಲ್ಲಿ ತಿರುಗಿಸಿ, ಬಹಳ ಹೊತ್ತು ತೊಳೆದೆ.