ಅಮ್ಮ ಬರೆಸಿದ ಒಂದು ಸಾಲು

ದರ್ಜಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹೊಲಿಗೆ ಯಂತ್ರ ತುಳಿಯುವವನಂತೆ ಕಾಲು ತಾನಾಗಿಯೇ ಅಲುಗುತ್ತಿತ್ತು.

"ಕಾಲು ನಿಲ್ಲಿಸೋ ಮಾರಾಯ, ಮೇಜೇ ನಡುಗ್ತಿದೆ," ಎಂದಳು ಪಕ್ಕದಲ್ಲಿದ್ದ ಅಕ್ಕ.

ಸರ್ಕಾರಿ ಆಸ್ಪತ್ರೆಯ ಮೇಲೆ ದೂರು ಕೊಡುವವರಿಗೆ ಆಸರೆಯಾಗಿದ್ದ ಮೇಡಂ ಎದುರಿಗಿದ್ದರು. ಅವರು ಆಸ್ಪತ್ರೆಯ ಅನ್ನ ಉಂಡವರಲ್ಲ, ಅದರ ಹಂಗೂ ಅವರಿಗಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಬರೆದು, ಕೊನೆಗೊಮ್ಮೆ ಗಟ್ಟಿಯಾಗಿ ಓದುವುದು ಅವರ ಪದ್ಧತಿ. ಆಸ್ಪತ್ರೆಯಲ್ಲಿ ಬಿದ್ದು ಸೊಂಟ ಮುರಿದು, ಈಗ ಮನೆಯಲ್ಲಿ ಮಲಗಿರುವ ಇವರ ಅಮ್ಮನ ಬಳಿಗೆ ಮೊನ್ನೆ ತಾವೇ ಹೋಗಿ ಬರೆದುಕೊಂಡು ಬಂದಿದ್ದರು. ಇವತ್ತು ನಾಲ್ಕು ಗಂಟೆಯೊಳಗೆ ಅದು ದೂರಿನ ಕೌಂಟರಿಗೆ ಮುಟ್ಟದಿದ್ದರೆ ದೂರಿನ ಅವಧಿಯೇ ಮುಗಿಯುತ್ತಿತ್ತು. ಆಗಲೇ ಎರಡು ದಾಟಿತ್ತು.

ಮೇಡಂ ಓದಿದರು: "'ಹಾಸಿಗೆ ಪಕ್ಕದ ಕರೆಗಂಟೆ ಕೆಟ್ಟಿತ್ತು. ಬೆಳಿಗ್ಗೆ ಎರಡು ಸಲ ಹೇಳಿದರೂ ಸರಿ ಮಾಡಲಿಲ್ಲ. ಮಗ ಹತ್ತಿರವೇ ಇದ್ದ. ಅವನು ನೀರು ತರಲು ತಿರುಗಿದಾಗ ನಾನು ಎದ್ದು ಬಿದ್ದೆ.'"

"ನನ್ನ ತಮ್ಮ ರೆಪ್ಪೆ ಮಿಟುಕಿಸದೆ ಕಾದಿದ್ದ ಮೇಡಂ," ಎಂದಳು ಅಕ್ಕ.

ದರ್ಜಿಯ ಕಾಲು ಥಟ್ಟನೆ ನಿಂತಿತು.

"ಯಾರು ಎಷ್ಟೊತ್ತಿಗೆ ಬಂದ್ರು, ಹೋದ್ರು ಅನ್ನೋದು ಗೇಟಿನ ಪುಸ್ತಕದಲ್ಲಿರುತ್ತೆ," ಎಂದರು ಮೇಡಂ. "ಆಸ್ಪತ್ರೆಯವರು ಮೊದಲು ತೆಗೆಯೋದೇ ಅದನ್ನ. ಇದರಲ್ಲಿ ಏನಾದ್ರೂ ಬದಲಾಯಿಸೋದಿದ್ಯಾ?"

ಅಷ್ಟು ಕೇಳಿ ಪೆನ್ನಿನ ಮುಚ್ಚಳ ತೆಗೆದರು. ಗದರಿದ್ದರೆ ವಾಸಿಯಿತ್ತು. ದರ್ಜಿ ಎದ್ದು ಕಿಟಕಿಗೆ ಹೋದ, ಬಾಗಿಲಿಗೆ ಹೋದ, ಮತ್ತೆ ಬಂದು ಕುರ್ಚಿಯ ಬೆನ್ನು ಹಿಡಿದ. ಒಂದು ತೊಟ್ಟು ಹುಳಿ ಬಿದ್ದರೆ ಕೊಡ ಹಾಲೂ ಒಡೆಯುತ್ತದೆ. ಅಮ್ಮನ ದೂರಿಗೆ ಬಿದ್ದ ಹುಳಿ ತಾನೇ.

"ನಾನಿರ್ಲಿಲ್ಲ."

"ಎಲ್ಲಿರ್ಲಿಲ್ಲ?" ಎಂದಳು ಅಕ್ಕ.

"ಅಮ್ಮನ ಹತ್ತಿರ. ಗಿರಾಕಿಗೆ ಕೋಟು ಕೊಡೋಕೆ ಹೋಗಿದ್ದೆ. ಗಂಟೆ ಕೆಟ್ಟಿದೆ ಅಂತ ಗೊತ್ತಿದ್ದೂ ಹೋದೆ. ಬರೋಷ್ಟರಲ್ಲಿ ನೆಲದ ಮೇಲಿದ್ಲು."

ಅಕ್ಕ ಅವನತ್ತ ತಿರುಗಿ, "ಅಯ್ಯೋ ಪಾಪಿ! ನಿನ್ನ ಮರ್ಯಾದೆ ಉಳಿಸೋಕೆ ಅಮ್ಮ ನನಗೂ ಸುಳ್ಳು ಹೇಳಿದ್ಲಲ್ಲೋ!" ಎಂದಳು.

"ದೂರು ನಿಮ್ಮಮ್ಮನದು," ಎಂದರು ಮೇಡಂ. "ಅವರು ಒಪ್ಪದೆ ನಾನು ಒಂದಕ್ಷರ ತಿದ್ದೋ ಹಾಗಿಲ್ಲ."

ದರ್ಜಿ ಎಲ್ಲರಿಗೂ ಕೇಳುವಂತೆ ಸ್ಪೀಕರಿನಲ್ಲಿ ಫೋನು ಹಚ್ಚಿದ. ಬೆರಳು ಎರಡು ಸಲ ತಪ್ಪಿತು.

"ಅಮ್ಮಾ, ನಾನು ಅಲ್ಲಿರ್ಲಿಲ್ಲ ಅಂತ ಬರೆಸ್ತೀನಿ."

"ನಿನಗ್ಯಾಕೋ ಆ ಉಸಾಬರಿ? ಅಕ್ಕ ಉಗೀತಾಳೆ."

"ಉಗಿದಾಯ್ತು."

ಆ ಕಡೆ ಒಂದು ನಿಟ್ಟುಸಿರು. "ಹಾಗಾದ್ರೆ ಬರೆಸು. ನೀನಿದ್ದಿದ್ರೆ ನನಗೆ ಆ ಗಂಟೆ ಯಾಕೆ ಬೇಕಿತ್ತು? ಅದನ್ನೂ ಬರೆಸು."

ಮೇಡಂ ಎರಡನ್ನೂ ಬರೆದು ಓದಿ ಕೇಳಿಸಿದರು. ಅಮ್ಮ "ಹೂಂ" ಎಂದಳು. ಇನ್ನು ಅವಳ ಸಹಿಯೊಂದು ಬೇಕಿತ್ತು. ದರ್ಜಿ ಹಾಳೆ ಮಡಚತೊಡಗಿದ. ಅಕ್ಕ ಅದನ್ನು ಕಿತ್ತುಕೊಂಡು ತನ್ನ ಚೀಲಕ್ಕೆ ಹಾಕಿಕೊಂಡಳು.

"ಮುಖ ಏನು ನೋಡ್ತೀಯಾ? ಇಳಿ, ಆಟೋ ಕರಿ," ಎಂದಳು. ಅವನು ಮೆಟ್ಟಿಲನ್ನು ಎರಡೆರಡಾಗಿ ಹಾರಿದ.