ಕೇಳದೆ ಕೊಟ್ಟ ಗಾಡಿ

ತಿರುವನಂತಪುರದ ಪಟ್ಟಂನ ಫ್ಲ್ಯಾಟಿನ ಕೆಳಗೆ, ಸುಮತಿ ತನ್ನ ಗಾಡಿಗೆಂದು ಖಾಲಿ ಇಡಿಸಿದ್ದ ಜಾಗದಲ್ಲಿ, ತಿಳಿನೀಲಿ ಬಣ್ಣದ ಹೊಸ ಸ್ಕೂಟರೊಂದು ನಿಂತಿತ್ತು. ಕನ್ನಡಿಗಳಿಗೆ ಚೆಂಡುಹೂವಿನ ಮಾಲೆ, ಮುಂದಿನ ಚಕ್ರದ ಅಡಿಗೆ ನಿಂಬೆಹಣ್ಣು. ಆಫೀಸಿನಿಂದ ಬಂದವಳು, ಯಾರೋ ತನ್ನ ಜಾಗ ಹಿಡಿದಿದ್ದಾರೆ ಎಂದುಕೊಂಡು ವಾಚ್‌ಮನ್‌ನನ್ನು ಕೂಗುವುದರಲ್ಲಿದ್ದಳು. ಅಷ್ಟರಲ್ಲಿ ಗಂಡ ನಾರಾಯಣ ಲಿಫ್ಟಿನಿಂದ ಇಳಿದು ಬಂದ. ಕೈಯಲ್ಲಿ ಕೀ, ಮುಖದ ತುಂಬ ನಗು.

"ನಿನಗೆ," ಎಂದ. "ಗೇರ್ ಇಲ್ಲ, ಕ್ಲಚ್ ಇಲ್ಲ. ಸುಮ್ಮನೆ ಕೂತ್ರೆ ಆಯ್ತು. ನಿನ್ನ ಮೊಣಕಾಲಿಗೂ ಸುಖ."

"ನನಗೆ ಗಾಡಿ ಉಂಟಲ್ಲ."

"ಅದನ್ನು ಕೊಟ್ಟಾಯ್ತು."

ಸುಮತಿಗೆ ಮೊದಲು ಅರ್ಥವಾಗಲಿಲ್ಲ. ಕೊಟ್ಟಾಯ್ತು ಎಂದರೆ ಸರ್ವಿಸಿಗೆ ಕೊಟ್ಟದ್ದಿರಬೇಕು ಅಂದುಕೊಂಡಳು. ಗಂಡನ ನಗು ಸ್ವಲ್ಪ ಅಲುಗಿದ್ದು ನೋಡಿದ ಮೇಲೆ ಅರ್ಥವಾಯಿತು.

"ಯಾರಿಗೆ?"

"ಕಳಮಶ್ಶೇರಿಯಲ್ಲಿ ಒಬ್ಬ ಹಳೇ ಗಾಡಿ ತಗೊಳ್ಳುವವ ಇದ್ದಾನಂತೆ. ಮಗಳೇ ಮಾತಾಡಿದ್ದು. ನೀನು ಆಪರೇಷನ್ ಆಗಿ ಮಲಗಿದ್ದೆಯಲ್ಲ, ಆಗ ಎಂತಕ್ಕೆ ತಲೆಬಿಸಿ ಕೊಡುವುದು ಅಂತ..."

"ನನ್ನ ಗಾಡಿ ಕೊಡ್ಲಿಕ್ಕೆ ನನ್ನ ಸೈನ್ ಬೇಡ್ವಾ?"

ನಾರಾಯಣ ಕೀಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಹಾಕಿಕೊಂಡ. "ಆರ್‌ಸಿ ನನ್ನ ಹೆಸರಲ್ಲಿತ್ತಲ್ಲ, ಸುಮತಿ."

ಇತ್ತು, ಅದು ನಿಜ. ಕೊಚ್ಚಿಯಲ್ಲಿ ಗಾಡಿ ತಗೊಂಡಾಗ ಅವಳ ವಿಳಾಸವೆಲ್ಲ ಇನ್ನೂ ಕುಂಬಳೆಯ ತವರಿನದೇ. ಇವನು ಬ್ಯಾಂಕಿನವ, ಸಾಲ ಸುಲಭವಾಗಿ ಸಿಗುತ್ತದೆಂದು ಇವನ ಹೆಸರಿನಲ್ಲಿ ಮಾಡಿಸಿದ್ದರು. ಯಾರ ಹೆಸರಾದರೇನು ಎಂದು ಆಗ ಅವಳೇ ಅಂದಿದ್ದಳು. ನಾರಾಯಣನಿಗೆ ಸೈಕಲ್ ಬಿಟ್ಟರೆ ಬೇರೇನೂ ಬಿಡಲು ಬರುತ್ತಿರಲಿಲ್ಲ. ವರ್ಷಗಟ್ಟಲೆ ಅವಳ ಹಿಂದೆ, ಬುತ್ತಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತು ಬ್ಯಾಂಕಿಗೆ ಹೋದವನು ಅವನು. ಅವನನ್ನು ಇಳಿಸಿ, ಮಗಳನ್ನು ಶಾಲೆಗೆ ಬಿಟ್ಟು, ಸುಮತಿ ತನ್ನ ಆಫೀಸಿಗೆ ಹೋಗುತ್ತಿದ್ದಳು. ಆ ಭಾರದ ಕಪ್ಪು ಬೈಕಿನ ಸದ್ದು ಕೇಳಿಯೇ ಆಫೀಸಿನ ಗೇಟು ತೆರೆಯುತ್ತಿತ್ತು. ನಿವೃತ್ತಿಗೆ ಮುಂಚಿನ ಅವಳ ಕೊನೆಯ ವರ್ಗಾವಣೆ ತಿರುವನಂತಪುರಕ್ಕೆ ಬಂತು. ಗಾಡಿಯನ್ನು ಕೊಚ್ಚಿಯ ಹತ್ತಿರ ಕಳಮಶ್ಶೇರಿಯಲ್ಲಿ, ಮಗಳ ಬಾಡಿಗೆ ಮನೆಯ ಜಗಲಿಯ ಪಕ್ಕ ಬಿಟ್ಟು ಬಂದಳು. ಎಡಗಾಲಿನ ಮೊಣಕಾಲು ಬದಲಿಸಿಯಾಯಿತು. ಇನ್ನು ಗಾಡಿ ಬಿಡಬಹುದು ಎಂದು ಡಾಕ್ಟರು ಹೇಳಿ ಒಂದು ವಾರವೂ ಆಗಿರಲಿಲ್ಲ.

"ಇದು ಯಾರ ಹೆಸರಲ್ಲಿ?" ಎಂದು ಸ್ಕೂಟರನ್ನು ಗದ್ದದಿಂದ ತೋರಿಸಿ ಕೇಳಿದಳು.

"ನನ್ನದೇ. ಬೇಗ ಆಗ್ತದೆ ಅಂತ."

ಸುಮತಿಗೆ ಪಾದದಿಂದ ನೆತ್ತಿಯವರೆಗೆ ಉರಿದುಹೋಯಿತು. ಬಾಯಿ ತೆರೆದರೆ ಇಡೀ ಫ್ಲ್ಯಾಟಿಗೆ ಕೇಳುವಂತಾದೀತೆಂದು ತುಟಿ ಬಿಗಿಹಿಡಿದಳು.

"ನೋಡು, ಐವತ್ತೇಳಾಯ್ತು ನಿನಗೆ," ಎಂದು ನಾರಾಯಣ ಮೆಲ್ಲಗೆ ಹೇಳಿದ. "ಈ ವಯಸ್ಸಿಗೆ ಮೆಲ್ಲಗೆ ಹೋಗುವ ಗಾಡಿ ಸಾಕು."

"ನಾನು ಯಾವತ್ತು ಅವಸರದಲ್ಲಿ ಗಾಡಿ ಬಿಟ್ಟದ್ದು? ನಲವತ್ತರ ಮೇಲೆ ಹೋದದ್ದು ನೋಡಿದ್ದೀರಾ? ಹಿಂದೆ ಕೂತವರು ನೀವೇ ಅಲ್ವಾ?"

ಅಷ್ಟು ಹೇಳಿ ಅವಳು ಮೆಟ್ಟಿಲು ಹತ್ತತೊಡಗಿದಳು. ಲಿಫ್ಟ್ ಇದ್ದರೂ, ಮೊಣಕಾಲು ನೋಯುತ್ತಿದ್ದರೂ, ನಾಲ್ಕು ಮಹಡಿಯನ್ನೂ ಹತ್ತಿಯೇ ಹೋದಳು.

ಮರುದಿನ ಆಫೀಸಿಗೆ ರಜೆ ಹೇಳಿ ಬೆಳಗಿನ ರೈಲು ಹಿಡಿದಳು. ಎಲ್ಲಿಗೆ ಎಂದು ನಾರಾಯಣ ಕೇಳುವಾಗ ಅವಳು ಚಪ್ಪಲಿ ಮೆಟ್ಟಿ ಹೊರಗಿದ್ದಳು. ದಾರಿಯಲ್ಲಿ ಸಿಟ್ಟು ಇಳಿಯುತ್ತದೆ ಅಂದುಕೊಂಡಿದ್ದಳು. ಕೊಲ್ಲಂ ದಾಟುವಾಗ ಅದು ಇನ್ನೂ ಏರಿತ್ತು. ಸ್ಕೂಟರ್ ಅಂತೆ, ಮೊಣಕಾಲಿಗೆ ಸುಖವಂತೆ. ಸ್ಕೂಟರಿನಲ್ಲಿ ಕಾಲನ್ನು ಕುರ್ಚಿಯಲ್ಲಿ ಕೂತ ಹಾಗೆ ಮಡಿಸಿಯೇ ಇಡಬೇಕು, ಹತ್ತು ನಿಮಿಷಕ್ಕೆ ಮೊಣಕಾಲು ಮರಗಟ್ಟುತ್ತದೆ. ಆ ಸಣ್ಣ ಚಕ್ರ ಪಟ್ಟಂನ ಗುಂಡಿಗೆ ಬಿದ್ದರೆ ಸೊಂಟದ ಕಥೆಯೂ ಮುಗಿಯಿತು. ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದಳು. ಗಾಡಿ ಬಿಡಲು ಬಾರದವ ಗಾಡಿ ಆರಿಸಿದ್ದಾನೆ, ಮಗಳು ಅದಕ್ಕೆ ದಲ್ಲಾಳಿ.

ಎರ್ನಾಕುಳಂನಲ್ಲಿ ಇಳಿದು ಮೆಟ್ರೋ ಹತ್ತಿ ಕಳಮಶ್ಶೇರಿಗೆ ಹೋದಳು. ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಮಗಳು ತನುಶ್ರೀ ಬಾಗಿಲು ತೆರೆದವಳೇ ಬೆಚ್ಚಿದಳು. ಅಪ್ಪ ಫೋನು ಮಾಡಿ ಎಲ್ಲ ಹೇಳಿರಬೇಕು. ಅವಳು ಹುಟ್ಟಿ ಬೆಳೆದದ್ದು ಕೊಚ್ಚಿಯಲ್ಲಿ. ಕನ್ನಡ ಪೂರ್ತಿ ತಿಳಿಯುತ್ತಿತ್ತು, ಆದರೆ ಮಾತು ಹೊರಡುವುದು ಮಲಯಾಳದಲ್ಲಿ.

"ಅಮ್ಮೇ, ದೇಷ್ಯಪ್ಪೆಡಲ್ಲೇ," ಎಂದಳು.

"ಸಿಟ್ಟು ಮಾಡಬೇಡ ಅಂತ ನನಗೆ ಹೇಳ್ಬೇಡ. ಗಾಡಿ ಎಲ್ಲಿ ಉಂಟು, ಅಲ್ಲಿಗೆ ಕರ್ಕೊಂಡು ಹೋಗು."

"ಚಾಯ ಕುಡಿದು ಹೋಗೋಣ," ಎಂದು ಮಗಳು ಮಲಯಾಳದಲ್ಲೇ ಹೇಳಿದಳು.

"ನಿನ್ನ ಚಾಯ ನನಗೆ ಬೇಡ."

ಹಳೇ ಗಾಡಿಗಳ ಅಂಗಳ ಮೆಟ್ರೋ ಕಂಬಗಳ ಸಾಲಿನಿಂದ ಸ್ವಲ್ಪ ಒಳಗಿತ್ತು. ತಗಡಿನ ಚಪ್ಪರ, ಜಲ್ಲಿ ಹಾಸಿದ ನೆಲ, ಒತ್ತೊತ್ತಾಗಿ ನಿಂತ ಗಾಡಿಗಳು. ಮಾಲೀಕ ಜೋಸೆಫ್ ಬಿಳಿ ಮುಂಡು ಎತ್ತಿ ಕಟ್ಟಿದ್ದ ದಪ್ಪ ಮನುಷ್ಯ. ಗಾಡಿ ಎಲ್ಲಿ ಎಂದು ಸುಮತಿ ಅವನ ಹತ್ತಿರ ಕೇಳುವ ಅಗತ್ಯವೇ ಬೀಳಲಿಲ್ಲ, ಎರಡನೇ ಸಾಲಿನಲ್ಲಿ ತನ್ನ ಗಾಡಿ ಕಂಡಿತು. ಟ್ಯಾಂಕಿನ ಮೇಲೆ ಯಾರೋ ಸೀಮೆಸುಣ್ಣದಲ್ಲಿ ವರ್ಷ ಬರೆದಿದ್ದರು. ಒಂದು ಕನ್ನಡಿ ಇರಲಿಲ್ಲ.

"ಇದು ನನ್ನದು," ಎಂದಳು ಮಲಯಾಳದಲ್ಲಿ. "ನನ್ನನ್ನು ಕೇಳದೆ ಕೊಟ್ಟಿದ್ದಾರೆ. ನನಗೆ ವಾಪಸು ಬೇಕು."

ಜೋಸೆಫ್ ತನುಶ್ರೀಯ ಮುಖ ನೋಡಿದ. ಅವಳು ನೆಲ ನೋಡುತ್ತಿದ್ದಳು. "ಚೇಚಿ, ಇನ್ನೂ ಯಾರಿಗೂ ಮಾರಿಲ್ಲ. ಕೂತು ಮಾತಾಡೋಣ," ಎಂದು ಅಕ್ಕನನ್ನು ಕರೆಯುವ ಮರ್ಯಾದೆಯಲ್ಲಿ ಹೇಳಿದ.

ಸುಮತಿ ಕೂರಲಿಲ್ಲ. ದುಪಟ್ಟಾವನ್ನು ಸೊಂಟಕ್ಕೆ ಕಟ್ಟಿ, ಹೋಗಿ ಹ್ಯಾಂಡಲ್ ಹಿಡಿದಳು. ಗಾಡಿಯ ಮೇಲೆ ಕಾಲು ಹಾಕಿ ಕೂತಳು, ಸ್ಟ್ಯಾಂಡು ತಳ್ಳಿದಳು. ಹಿಂದಕ್ಕೆ ಉರುಳಿಸಿ ಸಾಲಿನಿಂದ ಹೊರಗೆ ತರಬೇಕು. ಅದನ್ನು ಅವಳು ದಿನಾ ಎರಡು ಸಲ, ಯೋಚನೆಯೇ ಇಲ್ಲದೆ ಮಾಡುತ್ತಿದ್ದಳು. ಎಡಗಾಲು ಜಲ್ಲಿಯ ಮೇಲೆ ಊರಿತು, ತುಸು ಜಾರಿತು. ಗಾಡಿ ಎಡಕ್ಕೆ ವಾಲಿತು. ಹೊಸ ಮೊಣಕಾಲು ಆ ಭಾರವನ್ನು ಒಂದು ಕ್ಷಣ ಹೊತ್ತು, ಇನ್ನಾಗದು ಎಂದು ಬಿಟ್ಟುಕೊಟ್ಟಿತು. ಅವಳು ಕಾಲು ಎಳೆದುಕೊಂಡು ಪಕ್ಕಕ್ಕೆ ಹಾರಿದಳು. ಗಾಡಿ ಜಲ್ಲಿಯ ಮೇಲೆ ದಡಕ್ಕನೆ ಮಲಗಿತು.

ತನುಶ್ರೀ ಓಡಿ ಬಂದಳು.

"ಮುಟ್ಬೇಡ," ಎಂದಳು ಸುಮತಿ.

ಬಿದ್ದ ಗಾಡಿ ಎತ್ತುವ ಕ್ರಮ ಅವಳಿಗೆ ಗೊತ್ತಿತ್ತು. ಸೀಟಿಗೆ ಬೆನ್ನು ಕೊಟ್ಟು ಕುಕ್ಕರಿಸಿ, ಕಾಲಿನ ಬಲದಲ್ಲಿ ಎದ್ದು ನಿಲ್ಲಬೇಕು. ಕುಕ್ಕರಿಸಲು ಹೋದರೆ ಮೊಣಕಾಲು ಅರ್ಧಕ್ಕೇ ನಿಂತಿತು. ಆದರೂ ಹಲ್ಲು ಕಚ್ಚಿ ಎತ್ತಿದಳು. ಗಾಡಿ ಒಂದು ಗೇಣು ಮೇಲೆದ್ದು ಮತ್ತೆ ಕೆಳಗೆ ಕೂತಿತು. ಇನ್ನೊಮ್ಮೆ ಎತ್ತಿದಾಗ ಅಷ್ಟೂ ಏಳಲಿಲ್ಲ. ಕೊನೆಗೆ ಅವಳು ಪಕ್ಕಕ್ಕೆ ಸರಿದು, ಹಳೇ ಟಯರುಗಳ ರಾಶಿಯ ಮೇಲೆ ಹೋಗಿ ಕೂತಳು. ಜೋಸೆಫ್ ಮತ್ತು ಮಗಳು ಸೇರಿ ಗಾಡಿ ನಿಲ್ಲಿಸಿದರು. ಸುಮತಿಯ ಕಣ್ಣಲ್ಲಿ ನೀರು ತುಂಬಿತ್ತು. ಅದು ದುಃಖದ್ದಲ್ಲ, ಸಿಟ್ಟಿನದು. ಆ ಸಿಟ್ಟನ್ನು ಈಗ ಯಾರ ಮೇಲೆ ತೀರಿಸುವುದೆಂದು ಗೊತ್ತಾಗದೆ ಇನ್ನಷ್ಟು ಸಿಟ್ಟು ಬಂತು.

ತನುಶ್ರೀ ಪಕ್ಕದಲ್ಲಿ ನಿಂತಳು. ಆಪರೇಷನ್ನಿಗೆ ಮುಂಚೆ ಒಮ್ಮೆ ಅಮ್ಮ ಬಂದಿದ್ದಾಗ, ಗೇಟಿನ ಹತ್ತಿರ ಗಾಡಿ ಹೀಗೇ ಬಿದ್ದದ್ದನ್ನು ಕಿಟಕಿಯಿಂದ ನೋಡಿದ್ದೆ ಎಂದು ಮಲಯಾಳದಲ್ಲಿ ಹೇಳಿದಳು. ಅಮ್ಮ ಬಿದ್ದ ಗಾಡಿಯ ಪಕ್ಕ ನಿಂತು, ಹಾಲಿನವ ಬಂದು ಎತ್ತಿಕೊಡುವವರೆಗೆ ಕಾದದ್ದನ್ನು, ಒಳಗೆ ಬಂದು ಏನೂ ಆಗದವರ ಹಾಗೆ ದೋಸೆ ಹುಯ್ದದ್ದನ್ನು ಹೇಳಿದಳು.

ಸುಮತಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಅದನ್ನು ಯಾರೂ ನೋಡಿಲ್ಲ ಎಂದೇ ಅವಳು ನಂಬಿದ್ದಳು.

"ನೋಡಿದ್ರೆ ನನ್ನ ಹತ್ರ ಹೇಳ್ಬೇಕಿತ್ತು. ಅಪ್ಪನ ಹತ್ರ ಎಂತಕ್ಕೆ ಹೇಳಿದ್ದು?"

ಮಗಳು ಒಂದೊಂದೇ ಮಾತನ್ನು ಹುಡುಕಿ ಕನ್ನಡದಲ್ಲಿ ಹೇಳಿದಳು: "ಅಮ್ಮನ ಹತ್ರ ಹೇಳ್ಲಿಕ್ಕೆ ಹೆದರಿಕೆ."

"ಹೆದರಿಕೆ ಆದ್ರೆ ಮಾರಿಬಿಡುವುದಾ?"

ತನುಶ್ರೀ ಗಾಡಿಗೆ ಅಂಟಿದ್ದ ಜಲ್ಲಿಪುಡಿಯನ್ನು ಒರೆಸತೊಡಗಿದಳು.

ಗಾಡಿ ಭಾರ ಎನ್ನುವುದು ನಿಜ. ಅದನ್ನು ಒಪ್ಪಿಕೊಂಡ ಮೇಲೂ ಸುಮತಿಯ ಸಿಟ್ಟು ಒಂದು ತೊಲದಷ್ಟೂ ಕಡಿಮೆಯಾಗಲಿಲ್ಲ. ತಾನೇ ಒಂದು ದಿನ ಹ್ಯಾಂಡಲ್ ಹಿಡಿದು, ನೋಡಿ, ಇನ್ನು ಸಾಕು ಎಂದು ಹೇಳಬೇಕಾಗಿತ್ತು. ಆ ಮಾತನ್ನು ಅವಳ ಬಾಯಿಂದ ಕಿತ್ತುಕೊಂಡು ಇವರಿಬ್ಬರು ಫೋನಿನಲ್ಲಿ ಆಡಿ ಮುಗಿಸಿದ್ದರು. ಅವಳು ಎದ್ದು ಚೂಡಿದಾರದ ಧೂಳು ಕೊಡವಿದಳು.

"ಬೇರೆ ಗಾಡಿ ತೋರಿಸಿ," ಎಂದಳು ಜೋಸೆಫ್‌ಗೆ.

ಜೋಸೆಫ್ ಸೀದಾ ಸ್ಕೂಟರುಗಳ ಕಡೆ ನಡೆದ. "ಚೇಚಿಯ ಪ್ರಾಯಕ್ಕೆ ಇದೇ ಒಳ್ಳೆಯದು."

"ನನ್ನ ಪ್ರಾಯ ನಾನು ನೋಡ್ಕೊಳ್ತೇನೆ. ಗೇರಿನ ಗಾಡಿ ತೋರಿಸಿ."

ಅವನು ಮುಂದೆ ತಂದು ತೋರಿಸಿದ್ದು ಹೊಳೆಯುವ ಕೆಂಪು ಗಾಡಿ. ಸೀಟು ತಗ್ಗು, ಸೋಫಾದ ಹಾಗೆ ಅಗಲ. ದೊಡ್ಡವರೆಲ್ಲ ಇದನ್ನೇ ಕೇಳುತ್ತಾರೆ ಎಂದ. ಸುಮತಿ ಕೂತು ನೋಡಿದಳು. ಕಾಲಿಡುವ ಜಾಗ ಎಲ್ಲೋ ಮುಂದೆ, ಕಾಲು ಚಾಚಿಯೇ ಇಡಬೇಕು. ಒಂದು ಗುಂಡಿ ಬಂದರೆ ಕಾಲೂರಿ ಏಳುವ ಹಾಗಿಲ್ಲ, ಪೆಟ್ಟೆಲ್ಲ ಬೆನ್ನಿಗೇ. ಇಳಿದಳು. ಇನ್ನೊಂದರ ಸೀಟು ಎತ್ತರ, ಬರೀ ಬೆರಳ ತುದಿ ನೆಲಕ್ಕೆ ಮುಟ್ಟಿತು. ಮತ್ತೊಂದರ ಹ್ಯಾಂಡಲ್ ಬಗ್ಗಿ ಹಿಡಿಯುವಂಥದ್ದು. ಜೋಸೆಫ್ ಪ್ರತಿಯೊಂದನ್ನೂ ಹೊಗಳಿದ. ಸುಮತಿ ಹೊಗಳಿಕೆ ಮುಗಿಯುವ ಮೊದಲೇ ಇಳಿಯುತ್ತಿದ್ದಳು.

ಗೋಡೆಯ ಪಕ್ಕ ಬೂದು ಬಣ್ಣದ ಸಾದಾ ಗಾಡಿಯೊಂದು ಇತ್ತು. ಆಫೀಸಿಗೆ ಹೋಗಿ ಬರುವವರು ಇಡುವಂಥ, ದಾರಿಯಲ್ಲಿ ಹೋದರೆ ಯಾರೂ ತಿರುಗಿ ನೋಡದಂಥ ಗಾಡಿ. ಜೋಸೆಫ್ ಅದನ್ನು ತೋರಿಸಿಯೇ ಇರಲಿಲ್ಲ. ಸುಮತಿ ತಾನೇ ಹೋಗಿ ಕೂತಳು. ಎರಡೂ ಪಾದ ಹಿಮ್ಮಡಿಯ ಸಮೇತ ನೆಲಕ್ಕೆ ಕೂತವು. ಬೆನ್ನು ನೆಟ್ಟಗಿತ್ತು. ಕ್ಲಚ್ಚು ಎರಡು ಬೆರಳಿಗೆ ಬಗ್ಗಿತು. ಗೇರಿನ ಪೆಡಲು ಹಿಂದಕ್ಕೂ ಚಾಚಿತ್ತು, ಹಿಮ್ಮಡಿಯಿಂದ ಒತ್ತಿದರೆ ಸಾಕು, ಎಡಗಾಲು ಮೇಲೆತ್ತುವ ಕೆಲಸವಿಲ್ಲ. ಇಳಿದು ಒಂದು ಕೈಯಲ್ಲಿ ಹಿಂದಕ್ಕೆ ತಳ್ಳಿದಳು, ಜಲ್ಲಿಯ ಮೇಲೂ ಉರುಳಿತು. ಆಮೇಲೆ, ಜೋಸೆಫ್ ಅಯ್ಯೋ ಚೇಚಿ ಎನ್ನುತ್ತಿದ್ದ ಹಾಗೆ, ಅದನ್ನು ಬೇಕೆಂದೇ ಪಕ್ಕಕ್ಕೆ ವಾಲಿಸಿ, ಇನ್ನೇನು ಬಿತ್ತು ಎನ್ನುವಲ್ಲಿಂದ ತಿರುಗಿ ಎತ್ತಿ ನಿಲ್ಲಿಸಿದಳು.

ಕೀ ಇಸಿದುಕೊಂಡು ಅಂಗಳದ ಹಿಂದಿನ ಗಲ್ಲಿಯಲ್ಲಿ ಒಂದು ಸುತ್ತು ಹೋಗಿ ಬಂದಳು. ಸದ್ದು ಹೊಲಿಗೆ ಯಂತ್ರದ್ದು, ಎಳೆತವೂ ಅಷ್ಟಕ್ಕಷ್ಟೇ. ಮನಸ್ಸಿಗೆ ಹಿಡಿಸಿತು ಎಂದರೆ ಸುಳ್ಳಾದೀತು. ಆದರೆ ತಿರುವಿನಲ್ಲಿ ಒಂದು ಆಟೋ ಗಕ್ಕನೆ ಅಡ್ಡ ಬಂದು ನಿಂತಾಗ, ಅವಳು ಎರಡೂ ಕಾಲೂರಿ ನಿಂತಿದ್ದಳು. ಮೊಣಕಾಲು ನೆನಪಿಗೇ ಬರಲಿಲ್ಲ. ಆಟೋದವನಿಗೆ ಮಲಯಾಳದಲ್ಲಿ ನಾಲ್ಕು ಮಾತು ಬಯ್ದು ಮುಂದೆ ಬಂದಳು.

"ಇದನ್ನು ನನ್ನ ಹೆಸರಿಗೆ ಮಾಡಿ," ಎಂದಳು. "ಪಿ. ಸುಮತಿ. ಗಂಡನ ಹೆಸರು, ಮಗಳ ಫೋನ್ ನಂಬರು, ಎಂತದೂ ಬೇಡ."

ಹೊರಡುವ ಮೊದಲು ಕಪ್ಪು ಗಾಡಿಯ ಹತ್ತಿರ ಹೋಗಿ, ಟ್ಯಾಂಕಿನ ಮೇಲಿದ್ದ ಸೀಮೆಸುಣ್ಣವನ್ನು ಅಂಗೈಯಲ್ಲಿ ಒರೆಸಿದಳು. ತನುಶ್ರೀ ಮೆಟ್ರೋವರೆಗೆ ಜೊತೆಗೆ ಬಂದು, ಚಾಯ ಕುಡಿಯೋಣವೇ ಎಂದು ಮತ್ತೆ ಕೇಳಿದಳು. ಸುಮತಿ ಕುಡಿದಳು, ದುಡ್ಡು ತಾನೇ ಕೊಟ್ಟಳು.

ಕೊಚ್ಚಿಯಿಂದ ತಿರುವನಂತಪುರದವರೆಗೆ ಬಿಟ್ಟುಕೊಂಡು ಬರುವಷ್ಟು ದೂರ ಈಗ ಬೇಡ ಎಂದು ಅವಳೇ ತೀರ್ಮಾನಿಸಿದಳು. ಕಾಗದಪತ್ರ ಮುಗಿದ ಮೇಲೆ ಗಾಡಿ ರೈಲಿನ ಪಾರ್ಸೆಲ್‌ನಲ್ಲಿ ಬಂತು. ಸ್ಟೇಷನ್ನಿನಿಂದ ಬಿಡಿಸಿ, ಪೆಟ್ರೋಲ್ ಹಾಕಿಸಿ, ಪಟ್ಟಂಗೆ ಬಂದರೆ ಸ್ಕೂಟರ್ ಇನ್ನೂ ಅದೇ ಜಾಗದಲ್ಲಿತ್ತು. ಅವಳು ಗಾಡಿಯಿಂದ ಇಳಿಯದೆ ಹಾರ್ನ್ ಹೊಡೆದಳು, ನಾರಾಯಣ ಇಳಿದು ಬರುವವರೆಗೆ ಹೊಡೆದಳು.

"ಇದನ್ನು ಇಲ್ಲಿಂದ ತೆಗೀರಿ. ಏನು ಮಾಡುವುದಂತ ನೀವೇ ನೋಡಿ."

ಅವನು ಸ್ಕೂಟರನ್ನು ನೂಕಲು ಹೋಗಿ ಎರಡು ಸಲ ಕಂಬಕ್ಕೆ ತಾಗಿಸಿದ. ವಾಚ್‌ಮನ್ ಬಂದು ಕೈಹಾಕಬೇಕಾಯಿತು. ಬೆವರು ಒರೆಸಿಕೊಂಡು ಬೂದು ಗಾಡಿಯನ್ನು ನೋಡಿದ. "ಹಗುರ ಉಂಟಲ್ಲ. ನಾನೂ ಅದೇ ಹೇಳಿದ್ದಲ್ವಾ, ಭಾರದ್ದು ನಿನ್ನಿಂದ ಆಗ್ಲಿಕ್ಕಿಲ್ಲ ಅಂತ?"

"ನೀವು ಹೇಳಿದ್ದಲ್ಲ, ಮಾಡಿದ್ದು," ಎಂದಳು ಸುಮತಿ. "ನನ್ನ ಹತ್ರ ಹೇಳಿದ್ರೆ ಜಗಳ ಆಗ್ತಿತ್ತು. ಒಂದು ತಿಂಗಳು ಆಗ್ತಿತ್ತು. ಆ ಜಗಳ ನನಗೆ ಬೇಕಿತ್ತು."

ನಾರಾಯಣನ ಮುಖ ಸಪ್ಪಗಾಯಿತು. ಅಂದು ರಾತ್ರಿ ಊಟಕ್ಕೆ ಕೂತಾಗ, ತಪ್ಪಾಯ್ತು ಎಂದ. ಹಿಂದೆಮುಂದೆ ಏನೂ ಸೇರಿಸದೆ ಅಷ್ಟೇ ಅಂದ. ಸುಮತಿ ಸಾರು ಬಡಿಸಿದಳು. ಸರಿ ಎಂದು ಹೇಳಲು ಅವಳಿಗೆ ಮನಸ್ಸು ಬರಲಿಲ್ಲ.

ಭಾನುವಾರ ಬೆಳಿಗ್ಗೆ ಚಾಲೈ ಬಜಾರಿಗೆ ಹೊರಟಳು. ಮನೆಯಲ್ಲಿ ಬೆಲ್ಲ, ಹುಣಸೆಹುಳಿ ಮುಗಿದಿತ್ತು. ನಾರಾಯಣ ಅಂಗಿ ಹಾಕಿಕೊಂಡು ಕೆಳಗೆ ಬಂದು, ಗಾಡಿಯಿಂದ ಒಂದು ಮಾರು ದೂರ ನಿಂತ. ಎಷ್ಟೋ ವರ್ಷ ಯೋಚಿಸದೆ ಹತ್ತಿ ಕೂತವನಿಗೆ ಈಗ ಕೈಕಾಲು ಎಲ್ಲಿಡಬೇಕೆಂದು ಗೊತ್ತಾಗಲಿಲ್ಲ.

"ಸುಮತಿ, ನಾನು ಕೂತುಕೊಳ್ಳಬಹುದಾ?"

ಅವಳು ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದವಳು ತಲೆಯೆತ್ತಿ ನೋಡಿದಳು. ಬೇಡ ಎನ್ನುವ ಮಾತು ನಾಲಿಗೆಯ ತುದಿಗೆ ಸಿದ್ಧವಾಗಿಯೇ ಬಂತು.

"ಇವತ್ತು ಬೇಡ," ಎಂದಳು. ಸ್ವಲ್ಪ ತಡೆದು, "ಇನ್ನೊಂದು ದಿನ ಕೇಳಿ," ಎಂದಳು.

ಗಾಡಿಯನ್ನು ಹಿಂದಕ್ಕೆ ಉರುಳಿಸಿ, ಹಿಮ್ಮಡಿಯಲ್ಲಿ ಗೇರ್ ಒತ್ತಿ, ಗೇಟು ದಾಟಿ ಎಡಕ್ಕೆ ತಿರುಗಿದಳು. ರಸ್ತೆಯಲ್ಲಿ ಅಷ್ಟಾಗಿ ಬಸ್ಸುಗಳಿರಲಿಲ್ಲ. ಅವಳು ಅವಸರ ಮಾಡಲಿಲ್ಲ.